ಸ್ಕೋಬಿಯ ಮರುಕ

ಗ್ರಹಾಂ ಗ್ರೀನ್‌ನ ‘ದಿ ಹಾರ್ಟ್ ಆಫ್ ದಿ ಮ್ಯಾಟರ್’ (1948) ಕಾದಂಬರಿಯನ್ನು ಕ್ಯಾಥೊಲಿಕರ ಒಳಜಗಳವೆಂದು ಬದಿಗಿಡುವವರಿದ್ದಾರೆ. ನಾನು ಅದನ್ನು ಸುಳ್ಳು ಹೇಳಲು ಬಾರದವನೊಬ್ಬ ಸುಳ್ಳು ಕಲಿಯುವ ಕತೆಯಾಗಿ ಓದುತ್ತೇನೆ. ಎರಡನೆಯ ಮಹಾಯುದ್ಧದ ಕಾಲ, ಪಶ್ಚಿಮ ಆಫ್ರಿಕಾದ ಬ್ರಿಟಿಷ್ ವಸಾಹತು. ಪೊಲೀಸ್ ಅಧಿಕಾರಿ ಸ್ಕೋಬಿಗೆ ಹೆಂಡತಿ ಲೂಯಿಸ್ ಮೇಲಿನ ಪ್ರೀತಿ ಆರಿ ಮರುಕವಷ್ಟೇ ಉಳಿದಿದೆ. ಅವಳು ದಕ್ಷಿಣ ಆಫ್ರಿಕಾಕ್ಕೆ ಹೋದಾಗ, ಮುಳುಗಿದ ಹಡಗಿನಿಂದ ಬದುಕಿಬಂದ ತರುಣ ವಿಧವೆ ಹೆಲೆನ್ ಜೊತೆ ಸಂಬಂಧ ಬೆಳೆಯುತ್ತದೆ. ಅಲ್ಲೂ ಮೊದಲು ಹುಟ್ಟಿದ್ದು ಮರುಕವೇ.

ಲೂಯಿಸ್ ಮರಳಿ ಬಂದು, ಜೊತೆಯಾಗಿ ಪರಮಪ್ರಸಾದ ಸ್ವೀಕರಿಸೋಣ ಎನ್ನುತ್ತಾಳೆ. ಪಾಪನಿವೇದನೆಯಿಲ್ಲದೆ ಸ್ವೀಕರಿಸಿದರೆ ಪಾಪದ ಮೇಲೆ ಪಾಪ. ಸ್ವೀಕರಿಸದಿದ್ದರೆ ಗುಟ್ಟು ರಟ್ಟು. ಒಮ್ಮೆ ಬ್ರಾಂದಿ ಕುಡಿದು, ಉಪವಾಸ ಮುರಿಯಿತೆಂದು ತಪ್ಪಿಸಿಕೊಳ್ಳುತ್ತಾನೆ. ಕೊನೆಗೆ ಫಾದರ್ ರ‍್ಯಾಂಕ್ ಬಳಿ ಹೋಗುತ್ತಾನೆ. ಅವಳನ್ನು ಇನ್ನು ಕಾಣುವುದಿಲ್ಲವೆಂದು ಮಾತು ಕೊಟ್ಟರೆ ಕ್ಷಮೆ ಸಿಗುತ್ತದೆ. ಕೊಡಲಾರ. ಹೆಲೆನ್‌ಳನ್ನು ಒಂಟಿಯಾಗಿ ಬಿಡುವುದು ಅವನಿಂದಾಗದು. ಆಗದ್ದನ್ನು ಆಗುತ್ತದೆಂದು ದೇವರೆದುರು ಹೇಳಲೂ ಅವನಿಂದಾಗದು. ಗುರುವಿಗೆ ಸುಳ್ಳಾಡದ ಇದೇ ಮನುಷ್ಯ ಮುಂದೆ ಹೆಂಡತಿಯ ಪಕ್ಕದಲ್ಲಿ ಮೊಣಕಾಲೂರಿ ನಾಲಿಗೆ ಚಾಚುತ್ತಾನೆ.

ನರಕವನ್ನು ನಿಜವಾಗಿ ನಂಬುವವನು ಇಬ್ಬರು ಹೆಂಗಸರ ಮನಸ್ಸು ನೋಯದಿರಲೆಂದು ಅಲ್ಲಿಗೆ ಹೋಗಲು ಸಿದ್ಧನಾಗುತ್ತಾನೆಯೇ ಎಂದು ಜಾರ್ಜ್ ಆರ್ವೆಲ್ ಅದೇ ವರ್ಷ ಆಕ್ಷೇಪಿಸಿದ. ತರ್ಕ ಸರಿಯೇ. ಆದರೆ ಆ ಪಾಪನಿವೇದನೆಯ ಪ್ರಸಂಗದ ಮುಂದೆ ಅದು ನಿಲ್ಲುವುದಿಲ್ಲ. ನಂಬಿಕೆ ಇಲ್ಲದವನಾಗಿದ್ದರೆ ಒಂದು ಹುಸಿ ಮಾತು ಕೊಟ್ಟು ಹಗುರಾಗಿ ಹೊರಬರುತ್ತಿದ್ದ.

ನನ್ನ ತಕರಾರು ಬೇರೆ. ಲೂಯಿಸ್‌ಗೆ ಎಲ್ಲವೂ ಮೊದಲೇ ತಿಳಿದಿತ್ತು, ತಿಳಿದೇ ಹಿಂದಿರುಗಿದ್ದಳು ಎಂಬುದು ಸ್ಕೋಬಿ ಆತ್ಮಹತ್ಯೆ ಮಾಡಿಕೊಂಡ ಮೇಲೆ ನಮಗೆ ಗೊತ್ತಾಗುತ್ತದೆ. ಅವಳನ್ನು ಸತ್ಯ ತಾಳಲಾರದವಳೆಂದು ಎಣಿಸಿದ್ದ ಅವನ ಮರುಕದಲ್ಲಿ ಎಷ್ಟು ಅಹಂಕಾರವಿತ್ತು! ಗ್ರೀನ್‌ಗೆ ಇದು ಗೊತ್ತು; ಮರುಕವೆಂಬುದು ಸ್ಕೋಬಿಯ ರೋಗವೆಂದೇ ಅವನು ಬಗೆದಂತಿದೆ. ಆದರೂ ಓದುಗರಲ್ಲಿ ಹೆಚ್ಚಿನವರು ಸ್ಕೋಬಿಗೆ ಮೋಕ್ಷವುಂಟೋ ಇಲ್ಲವೋ ಎಂಬ ಚರ್ಚೆಯಲ್ಲೇ ಮುಳುಗುತ್ತಾರೆ. ಅಲಿಯ ಹೆಸರೆತ್ತುವವರು ಕಡಿಮೆ. ಹದಿನೈದು ವರ್ಷ ಅವನ ಮನೆಯಲ್ಲಿ ದುಡಿದ ಆಫ್ರಿಕನ್ ಆಳು ಅಲಿ. ತನ್ನ ಗುಟ್ಟು ಹೊರಬಿದ್ದೀತೆಂಬ ಭಯದಲ್ಲಿ ಸ್ಕೋಬಿ ಅವನನ್ನು ಸಂಶಯಿಸಿ, ಆ ಸಂಶಯವನ್ನು ವ್ಯಾಪಾರಿ ಯೂಸೆಫ್‌ನ ಕಿವಿಗೆ ಹಾಕುತ್ತಾನೆ. ಆ ರಾತ್ರಿಯೇ ಅಲಿಯ ಕೊಲೆಯಾಗುತ್ತದೆ. ಅವನಿಗೆ ಯಾರೂ ಯಾವ ಪ್ರಶ್ನೆಯನ್ನೂ ಕೇಳಿರಲಿಲ್ಲ.