ಕೊನೆಯ ಹಾಡು ಮೊದಲಾದಾಗ: ಕಸ್ಸಾಂಡ್ರ ವಿಲ್ಸನ್ ಅವರ ‘ನ್ಯೂ ಮೂನ್ ಡಾಟರ್’

ಜಾಝ್ ಗಾಯನದಲ್ಲಿ ‘ಸ್ಟ್ಯಾಂಡರ್ಡ್’ ಎಂಬ ಪದಕ್ಕೆ ರೂಢಿಯಲ್ಲಿ ಸೀಮಿತವಾದ ಅರ್ಥವೊಂದಿದೆ. ಇಪ್ಪತ್ತನೆಯ ಶತಮಾನದ ಮೊದಲರ್ಧದ ಬ್ರಾಡ್‌ವೇ ರಂಗಭೂಮಿ, ಹಾಲಿವುಡ್ ಚಿತ್ರಗಳು ಹಾಗೂ ನ್ಯೂಯಾರ್ಕಿನ ಗೀತಪ್ರಕಾಶಕರ ಮೂಲಕ ಬಂದು, ಹಲವು ತಲೆಮಾರಿನ ಕಲಾವಿದರ ಕಂಠದಲ್ಲಿ ನೆಲೆಗೊಂಡ ಗೀತೆಗಳೇ ಬಹುಮಟ್ಟಿಗೆ ಈ ಹೆಸರಿಗೆ ಪಾತ್ರವಾಗಿವೆ. ಕಸ್ಸಾಂಡ್ರ ವಿಲ್ಸನ್ 1988ರ ‘ಬ್ಲೂ ಸ್ಕೈಸ್’ ಧ್ವನಿಮುದ್ರಿಕೆಯಲ್ಲಿ ಪಿಯಾನೊ, ಬಾಸ್, ಡ್ರಮ್‌ಗಳ ಪಕ್ಕವಾದ್ಯದೊಡನೆ ಇಂತಹ ಗೀತೆಗಳನ್ನೇ ಹಾಡಿದ್ದರು. ಕ್ರೇಗ್ ಸ್ಟ್ರೀಟ್ ನಿರ್ಮಿಸಿ, 1995ರಲ್ಲಿ ಬ್ಲೂ ನೋಟ್ ಸಂಸ್ಥೆ ಹೊರತಂದ ‘ನ್ಯೂ ಮೂನ್ ಡಾಟರ್’ ಆ ಅರ್ಥವನ್ನೇ ಪ್ರಶ್ನಿಸುತ್ತದೆ. ಹೋಗಿ ಕಾರ್ಮೈಕಲ್ ಮತ್ತು ಜಾನಿ ಮರ್ಸರ್ ಅವರ ‘ಸ್ಕೈಲಾರ್ಕ್’ ಇಲ್ಲಿಯೂ ಉಂಟು. ಆದರೆ ಅದರ ನೆರೆಯಲ್ಲಿ ಸನ್ ಹೌಸ್‌ನ ಬ್ಲೂಸ್, ಹ್ಯಾಂಕ್ ವಿಲಿಯಮ್ಸ್‌ನ ಕಂಟ್ರಿ ಗೀತೆ, ಯು2 ತಂಡದ ರಾಕ್ ಗೀತೆ, ಟೆಲಿವಿಷನ್ ಧಾರಾವಾಹಿಗಾಗಿ ಕಟ್ಟಿದ ಮಂಕೀಸ್ ತಂಡದ ಜನಪ್ರಿಯ ಹಾಡು ಮತ್ತು ಗಾಯಕಿಯ ಸ್ವಂತ ರಚನೆಗಳು ಸೇರಿವೆ.

ಈ ವೈವಿಧ್ಯವನ್ನು ಮೆಚ್ಚಿ ಸುಮ್ಮನಾಗುವುದು ಸುಲಭ. ಆದರೆ ಗೀತೆಗಳ ಆಯ್ಕೆಗಿಂತ ಅವುಗಳ ಅನುಕ್ರಮವೇ ಹೆಚ್ಚು ವಿಚಾರಾರ್ಹವೆಂದು ನನಗೆ ತೋರುತ್ತದೆ. ಮುದ್ರಿಕೆ ತೆರೆದುಕೊಳ್ಳುವುದು ‘ಸ್ಟ್ರೇಂಜ್ ಫ್ರೂಟ್’ನಿಂದ. ದಕ್ಷಿಣದ ರಾಜ್ಯಗಳಲ್ಲಿ ಬಿಳಿಯರ ಗುಂಪುಗಳು ಕರಿಯರನ್ನು ಕೊಂದು ಮರಕ್ಕೆ ತೂಗುಹಾಕುತ್ತಿದ್ದ ಕ್ರೌರ್ಯವನ್ನು ಕುರಿತ ಈ ಗೀತೆಯನ್ನು ಬರೆದವರು ನ್ಯೂಯಾರ್ಕಿನ ಶಾಲಾ ಅಧ್ಯಾಪಕ ಏಬೆಲ್ ಮೀರೊಪೋಲ್. ಅದನ್ನು 1939ರಲ್ಲಿ ಲೋಕಪ್ರಸಿದ್ಧಗೊಳಿಸಿದವರು ಬಿಲ್ಲಿ ಹಾಲಿಡೇ. ನ್ಯೂಯಾರ್ಕಿನ ಕೆಫೆ ಸೊಸೈಟಿಯಲ್ಲಿ ಅವರು ಇದನ್ನು ಕಾರ್ಯಕ್ರಮದ ಕಡೆಗೆ ಹಾಡುತ್ತಿದ್ದರು. ಪರಿಚಾರಕರು ಕೆಲಸ ನಿಲ್ಲಿಸಬೇಕು, ದೀಪಗಳು ಆರಬೇಕು, ಗಾಯಕಿಯ ಮುಖದ ಮೇಲೆ ಮಾತ್ರ ಬೆಳಕು. ಹಾಡು ಮುಗಿದ ಮೇಲೆ ಇನ್ನೊಂದು ಹಾಡಿಲ್ಲ. ಇದರ ಬಳಿಕ ಬೇರೇನನ್ನೂ ಹಾಡಲಾಗದು ಎಂಬ ನಿಲುವು ಆ ಏರ್ಪಾಡಿನಲ್ಲಿಯೇ ಇತ್ತು. ವಿಲ್ಸನ್ ಆ ನಿಲುವನ್ನು ತಿರುಗಿಸುತ್ತಾರೆ. ಹಾಲಿಡೇ ನಿಲ್ಲಿಸಿದೆಡೆಯಿಂದ ಇವರು ತೊಡಗುತ್ತಾರೆ.

ಅವರು 1955ರಲ್ಲಿ ಹುಟ್ಟಿದ್ದು ಮಿಸಿಸಿಪ್ಪಿಯ ಜ್ಯಾಕ್ಸನ್ ನಗರದಲ್ಲಿ ಎಂಬುದು ಇಲ್ಲಿ ಕೇವಲ ಚರಿತ್ರೆಯ ವಿವರವಲ್ಲ. ಮಹಾನಗರದಲ್ಲಿ ದಕ್ಷಿಣವನ್ನು ಕುರಿತು ಹುಟ್ಟಿದ ಗೀತೆ ಇಲ್ಲಿ ದಕ್ಷಿಣದ ದನಿಯಲ್ಲಿಯೇ ಕೇಳಿಸುತ್ತದೆ. ಬಾಸ್, ಗಿಟಾರ್, ಕಾರ್ನೆಟ್‌ಗಳ ವಿರಳ ನಾದದ ನಡುವೆ ಅವರ ಮಂದ್ರಸ್ಥಾಯಿಯ ಕಂಠ ಆರೋಪವನ್ನೂ ಮಾಡುವುದಿಲ್ಲ, ಅಳುವುದೂ ಇಲ್ಲ. ಅದು ಆ ನೆಲವನ್ನು ಬಲ್ಲ ಕಂಠ. ಮಿಸಿಸಿಪ್ಪಿಯವನೇ ಆದ ಸನ್ ಹೌಸ್‌ನ ‘ಡೆತ್ ಲೆಟರ್’ ಇದರ ಸಾಲಿಗೆ ಸಹಜವಾಗಿ ಸೇರುತ್ತದೆ. 1966ರ ‘ಲಾಸ್ಟ್ ಟ್ರೇನ್ ಟು ಕ್ಲಾರ್ಕ್ಸ್‌ವಿಲ್’ ಮೂಲದಲ್ಲಿ ಚುರುಕು ಲಯದ ಹಾಡು. ವಿಯಟ್ನಾಂ ಯುದ್ಧಕ್ಕೆ ಹೊರಟ ಸೈನಿಕನ ವಿದಾಯ ಅದರಲ್ಲಿ ಅಡಗಿದೆಯೆಂದು ರಚನಕಾರರಲ್ಲೊಬ್ಬರಾದ ಬಾಬಿ ಹಾರ್ಟ್ ಮುಂದೆ ತಿಳಿಸಿದರು. ವಿಲ್ಸನ್ ಅದರ ನಡೆಯನ್ನು ಸಡಿಲಿಸಿದಾಗ ಆ ವಿದಾಯದ ಅಳುಕು ಮೇಲೆದ್ದು ಕಾಣುತ್ತದೆ.

ಆಕ್ಷೇಪಕ್ಕೂ ಎಡೆಯಿದೆ. ಯು2 ತಂಡದ ‘ಲವ್ ಈಸ್ ಬ್ಲೈಂಡ್‌ನೆಸ್’ ಎರಡನೆಯ ಗೀತೆಯಾಗಿ ಬಂದು, ಮೊದಲಿನದರ ಕತ್ತಲೆಯನ್ನೇ ತಾನೂ ಹೊದೆಯುತ್ತದೆ. ಒಂದು ಜನಾಂಗದ ಮೇಲಣ ಹಿಂಸೆಗೂ ವೈಯಕ್ತಿಕ ಪ್ರಣಯದ ನೋವಿಗೂ ಒಂದೇ ವಿಲಂಬಗತಿ, ಒಂದೇ ಗಾಂಭೀರ್ಯ ದೊರೆತಾಗ ಮೊದಲಿನದು ಅಷ್ಟರಮಟ್ಟಿಗೆ ಸೊರಗುತ್ತದೆ. 1997ರಲ್ಲಿ ಈ ಮುದ್ರಿಕೆಗೆ ಗ್ರ್ಯಾಮಿ ಪ್ರಶಸ್ತಿ ಬಂದಿತೆಂಬುದು ಈ ಆಕ್ಷೇಪಕ್ಕೆ ಉತ್ತರವಾಗದು. ಉತ್ತರ ದೊರೆಯುವುದಾದರೆ ಕಡೆಯ ಗೀತೆಯಲ್ಲಿ. ಹೆಸರಿನಲ್ಲಿ ಅಮಾವಾಸ್ಯೆಯನ್ನು ಹೊತ್ತ ಮುದ್ರಿಕೆ ನೀಲ್ ಯಂಗ್‌ನ ‘ಹಾರ್ವೆಸ್ಟ್ ಮೂನ್’ನ ಸುಗ್ಗಿಯ ಹುಣ್ಣಿಮೆಯಲ್ಲಿ ನಿಲ್ಲುತ್ತದೆ. ಬಹುಕಾಲದ ದಾಂಪತ್ಯದ ಆ ನಿರಾತಂಕ ಗೀತೆಯನ್ನು ಕೇಳುವಾಗಲೂ ಹೊರಗಿನ ಮರಗಳ ನೆನಪು ಬಿಡುವುದಿಲ್ಲ.