ಡಿಸೆಂಬರ್ 6: ಐರಿಷ್ ಒಡಂಬಡಿಕೆಯ ವಿಧಿ-ವ್ಯಾಖ್ಯಾನ

ಮೊದಲು ಶಿರೋನಾಮೆ. 1921ರ ಡಿಸೆಂಬರ್ 6ರಂದು, ರಾತ್ರಿ ಎರಡು ಗಂಟೆ ದಾಟಿದ ಮೇಲೆ, ಲಂಡನ್ನಿನ 10, ಡೌನಿಂಗ್ ಸ್ಟ್ರೀಟಿನಲ್ಲಿ ರುಜು ಬಿದ್ದ ಈ ಪತ್ರವು ತನ್ನನ್ನು ಗ್ರೇಟ್ ಬ್ರಿಟನ್ನಿಗೂ ಐರ್ಲೆಂಡಿಗೂ ನಡುವಣ ಒಡಂಬಡಿಕೆ ಎಂದು ಕರೆದುಕೊಳ್ಳುತ್ತದೆ. ಒಡಂಬಡಿಕೆಯೆಂಬುದು ಸಮಾನರಾದ ಇಬ್ಬರ ನಡುವೆ ಆಗತಕ್ಕದ್ದು. 1919ರ ಜನವರಿಯಲ್ಲಿ ಡಬ್ಲಿನ್ನಿನಲ್ಲಿ ನೆರೆದ ಡಾಯಿಲ್, ಅಂದರೆ ಐರಿಷ್ ಪ್ರತಿನಿಧಿಸಭೆ, ಸಾರಿದ ಗಣರಾಜ್ಯವನ್ನು ಬ್ರಿಟನ್ ಎಂದೂ ಮನ್ನಿಸಿರಲಿಲ್ಲ. ಮನ್ನಿಸದವನೊಡನೆ ಒಡಂಬಡಿಕೆ ಹೇಗೆ ಎಂಬುದು ಶಂಕೆ. ಸಮಾಧಾನವು ಪತ್ರದಲ್ಲಿಲ್ಲ, ಅದರ ಹಿಂದಿನ ಸಂಗತಿಯಲ್ಲಿದೆ: ಆ ಗಣರಾಜ್ಯದ ಪಡೆಗಳಿಗೂ ಬ್ರಿಟನ್ನಿಗೂ ನಡೆದ ಗೆರಿಲ್ಲಾ ಯುದ್ಧವು 1921ರ ಜುಲೈ 11ರ ಕದನವಿರಾಮದಲ್ಲಿ ನಿಂತಾಗ ಎರಡು ಕಡೆಯೂ ಗೆದ್ದಿರಲಿಲ್ಲ.

ಮೊದಲ ಮೂರು ವಿಧಿಗಳು ಸ್ಥಾನವನ್ನು ನಿರ್ಣಯಿಸುತ್ತವೆ. ಹುಟ್ಟಲಿರುವ ದೇಶಕ್ಕೆ 'ಐರಿಷ್ ಫ್ರೀ ಸ್ಟೇಟ್' ಎಂದು ಹೆಸರು. ಕೆನಡಾ, ಆಸ್ಟ್ರೇಲಿಯ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಗಳಿಗಿರುವ ಸ್ಥಾನವೇ ಅದಕ್ಕೂ. ಇದು ಡೊಮಿನಿಯನ್, ಎಂದರೆ ಒಳಾಡಳಿತದಲ್ಲಿ ಸ್ವತಂತ್ರವಾಗಿದ್ದು ಅರಸನನ್ನು ತಲೆಯ ಮೇಲೆ ಇಟ್ಟುಕೊಂಡ ದೇಶ. ಭಾರತವೂ 1947ರ ಆಗಸ್ಟ್ 15ರಿಂದ 1950ರ ಜನವರಿ 26ರವರೆಗೆ ಈ ಸ್ಥಾನದಲ್ಲೇ ಇತ್ತು. ಗಣರಾಜ್ಯವೆಂಬ ಮಾತು ಇಲ್ಲೆಲ್ಲೂ ಬರುವುದಿಲ್ಲ. ಕೆನಡಾವನ್ನು ಬಿಡದೆ ಹೆಸರಿಸಿರುವುದಕ್ಕೆ ಕಾರಣವುಂಟು. ಕೆನಡಾಕ್ಕೆ ರೂಢಿಯಿಂದ ದಕ್ಕಿದ ಸ್ವಾತಂತ್ರ್ಯವೆಲ್ಲ ಐರ್ಲೆಂಡಿಗೂ ದಕ್ಕುತ್ತದೆ, ಅದು ಬೆಳೆದಂತೆ ಇದೂ ಬೆಳೆಯುತ್ತದೆ ಎಂಬುದು ಭಾವ.

ನಾಲ್ಕನೆಯ ವಿಧಿ ಪ್ರಮಾಣವಚನದ್ದು. ಶಾಸನಸಭೆಯ ಸದಸ್ಯನು ಏನೆಂದು ಆಣೆಯಿಡಬೇಕೆಂಬುದನ್ನು ಅಕ್ಷರಶಃ ಇಲ್ಲಿ ಕೊಟ್ಟಿದೆ. ಅನ್ವಯಿಸಿ ನೋಡಿದರೆ ಅದರಲ್ಲಿ ಎರಡು ಮೆಟ್ಟಿಲುಗಳಿವೆ. ನಿಷ್ಠೆಯು ಮೊದಲು ಫ್ರೀ ಸ್ಟೇಟಿನ ಸಂವಿಧಾನಕ್ಕೆ ಸಲ್ಲುತ್ತದೆ. ಐದನೆಯ ಜಾರ್ಜ್ ದೊರೆಗೂ ಅವನ ಉತ್ತರಾಧಿಕಾರಿಗಳಿಗೂ ಸಲ್ಲುವುದು ಅದಕ್ಕಿಂತ ಇಳಿದ ವಿಶ್ವಾಸ ಮಾತ್ರ. ಅದೂ ಪ್ರಜೆಯೆಂಬ ಕಾರಣಕ್ಕಲ್ಲ, ಸಮಾನ ಪೌರತ್ವದ ಮತ್ತು ಕಾಮನ್‌ವೆಲ್ತಿನ ಸದಸ್ಯತ್ವದ ಕಾರಣಕ್ಕೆ. ಇಷ್ಟು ನಾಜೂಕಾಗಿ ಹೆಣೆದ ಆಣೆಯನ್ನು ಡಬ್ಲಿನ್ನಿನಲ್ಲಿ ಅನೇಕರು ನಾಜೂಕಾಗಿ ಓದಲಿಲ್ಲ. ಅವರ ಕಣ್ಣಿಗೆ ಬಿದ್ದದ್ದು ದೊರೆ ಒಬ್ಬನೇ. ಡಾಯಿಲ್‌ನ ವಾದವೆಲ್ಲ ಹೆಚ್ಚಾಗಿ ಈ ವಿಧಿಯ ಸುತ್ತಲೇ ತಿರುಗಿತು. 1922ರ ಜನವರಿ 7ರಂದು 57 ಮತಗಳ ಎದುರು 64 ಮತ ಬಿದ್ದು ಒಡಂಬಡಿಕೆ ಅಂಗೀಕೃತವಾಯಿತು. ಜೂನ್ ಕೊನೆಗೆ ಅಂತರ್ಯುದ್ಧ ಹತ್ತಿಕೊಂಡಿತು. ಆ ಪ್ರಮಾಣವಚನವಾದರೋ 1933ರಲ್ಲಿ ಒಂದು ಸಾಧಾರಣ ಶಾಸನದಿಂದ ಅಳಿದುಹೋಯಿತು.

ಐದರಿಂದ ಹತ್ತರವರೆಗಿನವು ಸಾಲ, ಸೇನೆ, ಬಂದರು, ಪಿಂಚಣಿಗಳ ಲೆಕ್ಕಾಚಾರ. ಏಳನೆಯದನ್ನಷ್ಟೇ ಗಮನಿಸಿದರೆ ಸಾಕು: ಬೆರ್‌ಹೇವನ್, ಕ್ವೀನ್ಸ್‌ಟೌನ್, ಲಫ್ ಸ್ವಿಲಿ ನೆಲೆಗಳನ್ನು ಬ್ರಿಟನ್ ತನ್ನ ಕೈಯಲ್ಲೇ ಉಳಿಸಿಕೊಂಡಿತು. 1938ರಲ್ಲಿ ಅವನ್ನೂ ಬಿಟ್ಟುಕೊಟ್ಟಿತು.

ಹನ್ನೊಂದು, ಹನ್ನೆರಡನೆಯ ವಿಧಿಗಳನ್ನು ಕೂಡಿಸಿಯೇ ಓದಬೇಕು. ಒಡಂಬಡಿಕೆಯು ಹೆಸರಿಗೆ ಇಡೀ ದ್ವೀಪಕ್ಕೆ ಅನ್ವಯಿಸುತ್ತದೆ. ಆದರೆ ಆರು ಕೌಂಟಿಗಳ ಉತ್ತರ ಐರ್ಲೆಂಡ್ ಒಂದು ತಿಂಗಳೊಳಗೆ ದೊರೆಗೆ ಬಿನ್ನಹ ಮಾಡಿಕೊಂಡು ಹೊರಗುಳಿಯಬಹುದು. ಕೊಟ್ಟಂತೆ ಮಾಡಿ ಹಿಂತೆಗೆದುಕೊಳ್ಳುವ ರಚನೆ ಇದು. ಹಾಗೆ ಹೊರಗುಳಿದರೆ ಮೂವರ ಆಯೋಗವೊಂದು ಗಡಿಯನ್ನು ನಿವಾಸಿಗಳ ಇಚ್ಛೆಯಂತೆ ನಿಗದಿ ಮಾಡಬೇಕು, ಆರ್ಥಿಕ ಮತ್ತು ಭೌಗೋಳಿಕ ಸ್ಥಿತಿಗತಿಗಳಿಗೆ ಹೊಂದುವಷ್ಟರ ಮಟ್ಟಿಗೆ. ವಿಧಿಯ ಪ್ರಾಣವೆಲ್ಲ ಈ ಕೊನೆಯ ವಿಶೇಷಣದಲ್ಲಿದೆ. ಇಚ್ಛೆಯನ್ನು ಹಿಡಿದು ಓದಿದ ಐರಿಷರು ಫರ್ಮಾನಾ, ಟಿರೋನ್ ಕೌಂಟಿಗಳು ತಮಗೆ ಬರುವುವೆಂದು ನಂಬಿದರು. ಅಧ್ಯಕ್ಷನಾಗಿ ಬಂದ ದಕ್ಷಿಣ ಆಫ್ರಿಕದ ನ್ಯಾಯಾಧೀಶ ರಿಚರ್ಡ್ ಫೀಥಮ್ ವಿಶೇಷಣವನ್ನು ಹಿಡಿದು ಓದಿದನು. 1925ರ ಡಿಸೆಂಬರಿನಲ್ಲಿ ಗಡಿ ಇದ್ದಲ್ಲೇ ಇರಲೆಂದು ಮೂರೂ ಸರ್ಕಾರಗಳು ಒಪ್ಪಿದವು. ವಿಚಿತ್ರವೆಂದರೆ, ಒಡಂಬಡಿಕೆಯನ್ನು ವಿರೋಧಿಸಿದ ಡಾಯಿಲ್ ನಾಯಕ ಡಿ ವಲೇರಾ ಮುಂದಿಟ್ಟ ಪರ್ಯಾಯ ಕರಡಿನಲ್ಲಿ ಪ್ರಮಾಣವಚನ ಇರಲಿಲ್ಲ, ಉತ್ತರದ ಕುರಿತ ವಿಧಿಗಳು ಮಾತ್ರ ಬಹುಮಟ್ಟಿಗೆ ಹಾಗೆಯೇ ಇದ್ದವು. ಕಾದಾಡಿದ ವಿಧಿ ಹನ್ನೆರಡು ವರ್ಷ ಬಾಳಲಿಲ್ಲ. ಸುಮ್ಮನೆ ದಾಟಿಸಿದ ವಿಧಿಯ ಗಡಿ ಈಗಲೂ ಇದೆ.

ಹದಿನೇಳನೆಯ ವಿಧಿಯು ತಾತ್ಕಾಲಿಕ ಸರ್ಕಾರವನ್ನು ಏರ್ಪಡಿಸಿ, ಅದು 'ಈ ತಾರೀಖಿನಿಂದ' ಹನ್ನೆರಡು ತಿಂಗಳಾಚೆಗೆ ನಡೆಯತಕ್ಕದ್ದಲ್ಲವೆಂದು ಕಟ್ಟು ಹಾಕುತ್ತದೆ. ಯಾವ ತಾರೀಖೆಂದು ತಿಳಿಯಲು ಪತ್ರದ ಅಡಿಗೆ ಇಳಿಯಬೇಕು. ಅಲ್ಲಿರುವುದು ಡಿಸೆಂಬರ್ 6. ಐರ್ಲೆಂಡಿನ ಪಂಚಾಂಗದಲ್ಲಿ ಈ ದಿನ ಎರಡು ಸಲ ಬರುವುದು ಆಕಸ್ಮಿಕವಲ್ಲವೆಂದು ಇದರಿಂದ ಸಿದ್ಧ. ಗಡುವು ಮುಗಿಯುವ ದಿನ, 1922ರ ಡಿಸೆಂಬರ್ 6ರಂದು, ಫ್ರೀ ಸ್ಟೇಟ್ ಹುಟ್ಟಿತು.

ತಾರೀಖಿನ ಜೊತೆಗೇ ರುಜುಗಳು. ಬ್ರಿಟನ್ನಿನ ಪರವಾಗಿ ಪ್ರಧಾನಿ ಲಾಯ್ಡ್ ಜಾರ್ಜ್, ಚರ್ಚಿಲ್, ಬರ್ಕನ್‌ಹೆಡ್ ಮೊದಲಾದವರು. ಐರಿಷರ ಪರವಾಗಿ ಐವರು, ತಮ್ಮ ಹೆಸರುಗಳ ಐರಿಷ್ ರೂಪದಲ್ಲಿ; ಇಂಗ್ಲಿಷ್ ರೂಪದಲ್ಲಿ ಹೇಳುವುದಾದರೆ ಆರ್ಥರ್ ಗ್ರಿಫಿತ್, ಮೈಕೆಲ್ ಕಾಲಿನ್ಸ್, ರಾಬರ್ಟ್ ಬಾರ್ಟನ್, ಈಮನ್ ಡಗ್ಗನ್, ಜಾರ್ಜ್ ಗ್ಯಾವನ್ ಡಫಿ. ಇವರಿಗೆ ಕೊಟ್ಟಿದ್ದ ಅಧಿಕಾರಪತ್ರ ಪೂರ್ಣಾಧಿಕಾರದ್ದು. ಜೊತೆಗಿದ್ದ ಸೂಚನೆ, ಡಬ್ಲಿನ್ನನ್ನು ಕೇಳದೆ ರುಜು ಹಾಕಬಾರದೆಂದು. ಹಿಂದಿನ ಸಂಜೆ ಲಾಯ್ಡ್ ಜಾರ್ಜ್ ಎಲ್ಲರ ರುಜುವೂ ಬೀಳದಿದ್ದರೆ ಮೂರು ದಿನದೊಳಗೆ ಯುದ್ಧವೆಂದು ಬೆದರಿಸಿದಾಗ ಅವರು ಅಧಿಕಾರಪತ್ರವನ್ನು ಹಿಡಿದರು, ಸೂಚನೆಯನ್ನು ಬಿಟ್ಟರು. 1922ರ ಆಗಸ್ಟ್ 12ರಂದು ಗ್ರಿಫಿತ್ ತೀರಿಕೊಂಡನು; 22ರಂದು ಬೇಲ್ ನ ಬ್ಲಾ ಎಂಬಲ್ಲಿ ಕಾಲಿನ್ಸ್ ಗುಂಡಿಗೆ ಬಲಿಯಾದನು. ಮುಂದಾಳುಗಳಾಗಿದ್ದ ಇವರಿಬ್ಬರೂ ಇಲ್ಲವಾದುದರಿಂದ ಎರಡನೆಯ ಡಿಸೆಂಬರ್ 6ರಂದು ಟಿಮ್ ಹೀಲಿ ಗವರ್ನರ್ ಜನರಲ್ ಆದಾಗ, ಕಾಸ್‌ಗ್ರೇವ್ ಸರ್ಕಾರದ ಮುಖ್ಯಸ್ಥನಾಗಿದ್ದನು. ಮರುದಿನವೇ ಬೆಲ್‌ಫಾಸ್ಟಿನಲ್ಲಿದ್ದ ಉತ್ತರ ಐರ್ಲೆಂಡಿನ ಪಾರ್ಲಿಮೆಂಟು ಹನ್ನೆರಡನೆಯ ವಿಧಿಯಂತೆ ದೊರೆಗೆ ಬಿನ್ನಹವನ್ನು ಅಂಗೀಕರಿಸಿತು. ಕೊಟ್ಟ ಒಂದು ತಿಂಗಳಲ್ಲಿ ಅದಕ್ಕೆ ಬೇಕಾದದ್ದು ಒಂದೇ ದಿನ.