ಹಂಪಿಯಲ್ಲಿ ನೋಡತಕ್ಕದ್ದು: ಆಯ್ಕೆಯ ಕ್ರಮವನ್ನು ಕುರಿತು

ಒಂದೇ ದಿನದ ಅವಕಾಶದಲ್ಲಿ ಹಂಪಿಗೆ ಬರುವವರು ಯಾವುದನ್ನು ನೋಡಬೇಕು, ಯಾವುದನ್ನು ಬಿಡಬೇಕು ಎಂಬ ಪ್ರಶ್ನೆಯನ್ನು ನಮ್ಮ ವಿದ್ವತ್ ವಲಯವು ಪ್ರವಾಸೋದ್ಯಮಕ್ಕೆ ಬಿಟ್ಟುಕೊಟ್ಟಿದೆ. ಇದು ಸರಿಯಾದ ಧೋರಣೆಯಲ್ಲ. ವಿಜಯನಗರವನ್ನು ಕುರಿತು ಜನಸಾಮಾನ್ಯರಲ್ಲಿರುವ ಕಲ್ಪನೆ ಶಾಸನಸಂಪುಟಗಳಿಂದ ರೂಪುಗೊಂಡದ್ದಕ್ಕಿಂತ ಹೆಚ್ಚಾಗಿ ಈ ಆಯ್ಕೆಯಿಂದಲೇ ರೂಪುಗೊಂಡಿದೆ. 1917ರಲ್ಲಿ ಲಾಂಗ್‌ಹರ್ಸ್ಟ್ ಬರೆದ ಕೈಪಿಡಿಯಿಂದ ಮೊದಲ್ಗೊಂಡು ಇಂದಿನವರೆಗೆ ಬಂದಿರುವ ಮಾರ್ಗದರ್ಶಿ ಸಾಹಿತ್ಯವನ್ನು ವಿಮರ್ಶೆಯ ವಸ್ತುವೆಂದು ನಾವು ಪರಿಗಣಿಸಿದ್ದು ಕಡಿಮೆ.

ಮೊದಲ ತೊಡಕು ಹೆಸರುಗಳದ್ದು. ಕಮಲ ಮಹಲ್, ರಾಣಿಯರ ಸ್ನಾನಗೃಹ ಮುಂತಾದವು ತೀರ ಈಚಿನ ಹೆಸರುಗಳು. ಅವು ಕಟ್ಟಡದ ಉಪಯೋಗವನ್ನು ಸಾಧಿಸಿ ತೋರಿಸುವುದಿಲ್ಲ, ಊಹಿಸುತ್ತವೆ. 1528ರ ನರಸಿಂಹನನ್ನು 'ಉಗ್ರ'ನೆಂದು ಕರೆಯುವ ರೂಢಿಯೂ ಅಂತಹುದೇ. ತೊಡೆಯ ಮೇಲಿದ್ದ ಲಕ್ಷ್ಮಿಯ ವಿಗ್ರಹ ಭಗ್ನವಾದ ಮೇಲೆ ಉಳಿದ ರೂಪಕ್ಕೆ ಇಟ್ಟ ಹೆಸರದು.

ವಿಠ್ಠಲ ದೇವಾಲಯ, ಹಜಾರರಾಮ ದೇವಾಲಯ ಇವೆರಡರಲ್ಲಿ ಒಂದನ್ನೇ ನೋಡಬೇಕಾಗಿ ಬಂದರೆ ಬಹುತೇಕ ಎಲ್ಲರೂ ಮೊದಲನೆಯದನ್ನು ಆರಿಸಿಕೊಳ್ಳುತ್ತಾರೆ. ಕಲ್ಲಿನ ರಥ 50 ರೂಪಾಯಿಯ ನೋಟಿನ ಮೇಲೆ ಬಂದ ನಂತರವಂತೂ ಚರ್ಚೆಗೆ ಅವಕಾಶವೇ ಉಳಿದಿಲ್ಲ. ಆದರೆ ಅದು ಮೂಲತಃ ಗರುಡನ ಗುಡಿ. ಅದರ ಮೇಲೆ ಇಟ್ಟಿಗೆ-ಗಾರೆಯ ಶಿಖರವಿತ್ತೆಂಬುದಕ್ಕೆ 1856ರಲ್ಲಿ ಗ್ರೀನ್‌ಲಾ ತೆಗೆದ ಛಾಯಾಚಿತ್ರ ಸಾಕ್ಷಿ. ಮುಂದಿರುವ ಆನೆಗಳೂ ಮೊದಲಿನವಲ್ಲ, ಅವುಗಳ ಹಿಂದೆ ಕುದುರೆಗಳ ಅವಶೇಷ ಕಾಣುತ್ತದೆ. ನಾವು ಮೆಚ್ಚುವ 'ರಥ' ಒಂದರ್ಥದಲ್ಲಿ ಈಚಿನ ಶತಮಾನಗಳ ಸೃಷ್ಟಿ. ವಿಠ್ಠಲನ ಮಹಾಮಂಟಪದ ಶಿಲ್ಪಕೌಶಲವನ್ನು ಅಲ್ಲಗಳೆಯುವುದು ಇಲ್ಲಿಯ ಉದ್ದೇಶವಲ್ಲ.

ಹಜಾರರಾಮನ ಸ್ಥಿತಿ ಬೇರೆ. ಹದಿನೈದನೆಯ ಶತಮಾನದ ಆದಿಭಾಗದ ಈ ಚಿಕ್ಕ ಗುಡಿ ಅರಮನೆಯ ಆವರಣಗಳ ನಡುವೆ ಇದೆ. ಪ್ರಾಕಾರದ ಹೊರಮೈಯಲ್ಲಿ ಆನೆ, ಕುದುರೆ, ಕಾಲಾಳು, ನರ್ತಕಿಯರ ಸಾಲುಗಳು. ಒಳಗೆ ಗುಡಿಯ ಗೋಡೆಯ ಮೇಲೆ ಮೂರು ಪಟ್ಟಿಕೆಗಳಲ್ಲಿ ರಾಮಾಯಣ. ಸುಮಾರು ನೂರು ವರ್ಷಗಳ ನಂತರ ಡೊಮಿಂಗೊ ಪಾಯೆಸ್ ಕಂಡು ಬರೆದ ಮಹಾನವಮಿಯ ವೈಭವವನ್ನು ಈ ಹೊರಗೋಡೆಯ ಮುಂದೆ ನಿಂತು ಓದಬಹುದು. ಅರಸನ ಮೆರವಣಿಗೆ ಹೊರಗೆ, ರಾಮನ ಕಥೆ ಒಳಗೆ: ವಿಜಯನಗರದ ರಾಜತ್ವದ ಕಲ್ಪನೆಯನ್ನು ಇಷ್ಟು ಸ್ಪಷ್ಟವಾಗಿ ಹೇಳುವ ಇನ್ನೊಂದು ಕಟ್ಟಡ ಅಲ್ಲಿಲ್ಲವೆಂದು ನನ್ನ ಅಭಿಪ್ರಾಯ. ಪ್ರವಾಸಿ ತಂಡಗಳು ಇಲ್ಲಿ ನಿಲ್ಲುವುದು ಹತ್ತು ನಿಮಿಷ.

ಇನ್ನೂ ಗಂಭೀರವಾದ ಲೋಪವೊಂದಿದೆ. ಫ್ರಿಟ್ಜ್ ಮತ್ತು ಮಿಚೆಲ್ ಅವರು ನಗರವನ್ನು ವಿಭಾಗಿಸುವಾಗ ಪವಿತ್ರ ಕೇಂದ್ರ, ನಗರ ಕೇಂದ್ರ, ರಾಜ ಕೇಂದ್ರಗಳೊಡನೆ ನೀರಾವರಿ ಕಣಿವೆಯನ್ನೂ ಹೆಸರಿಸಿದ್ದರು. ನಮ್ಮ ಕೈಪಿಡಿಗಳು ಮೊದಲಿನವನ್ನು ಉಳಿಸಿಕೊಂಡು ಕಣಿವೆಯನ್ನು ಕೈಬಿಟ್ಟವು. ಉತ್ಖನನದಲ್ಲಿ ದೊರೆತ ಮೆಟ್ಟಿಲುಕೊಳವನ್ನು ಎಲ್ಲರೂ ಚಿತ್ರ ತೆಗೆದುಕೊಳ್ಳುತ್ತಾರೆ. ಅದರ ಕಲ್ಲುಗಳ ಮೇಲಿನ ಜೋಡಣೆಯ ಗುರುತುಗಳನ್ನಾಗಲಿ, ಅಲ್ಲಿಗೆ ನೀರು ತಂದ ಕಲ್ಲಿನ ದೋಣಿಗಳನ್ನಾಗಲಿ ಗಮನಿಸುವವರು ವಿರಳ. ಪಾಯೆಸನಾದರೋ ಅರಸನು ಕಟ್ಟಿಸುತ್ತಿದ್ದ ಕೆರೆಯ ಕೆಲಸವನ್ನು ವಿವರವಾಗಿಯೇ ಬರೆದಿದ್ದಾನೆ. 1999ರಲ್ಲಿ ಹಂಪಿಯು ಅಪಾಯದಲ್ಲಿರುವ ವಿಶ್ವಪರಂಪರೆಯ ಪಟ್ಟಿಗೆ ಸೇರಿ 2006ರಲ್ಲಿ ಹೊರಬಂದಿತು. ಆ ಪ್ರಕರಣ ಎದ್ದದ್ದು ಯಾವುದೋ ಒಂದು ಗುಡಿಯ ಬಿರುಕಿನಿಂದಲ್ಲ, ಭೂದೃಶ್ಯದ ನಡುವೆ ಎದ್ದ ಸೇತುವೆಗಳಿಂದ ಎಂಬುದನ್ನು ಮರೆಯಲಾಗದು.

ತುರ್ತು ಕಾಲುವೆಯನ್ನು ನೋಡಲು ಟಿಕೆಟ್ ಬೇಕಿಲ್ಲ. ವಿಜಯನಗರದ ಕಾಲದ ಆ ಕಾಲುವೆ ಇಂದಿಗೂ ಬಾಳೆತೋಟಗಳಿಗೆ ನೀರುಣಿಸುತ್ತಿದೆ. ಪ್ರವಾಸಿ ಬಸ್ಸುಗಳು ಆ ತೋಟಗಳ ಪಕ್ಕದಲ್ಲಿಯೇ ಹಾದುಹೋಗುತ್ತವೆ.